ಅಜ್ಜಿ ಹೋಗುತ್ತಿದ್ದ ‘ಕ್ಲಾಸು’

ಪ್ರಶ್ನೆ: ನಾನು ಮಂಡ್ಯ ಹತ್ತಿರದ ಒಂದು ಊರಿನಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ನಮ್ಮದು ಹಳೇ ವೆಸ್ಲಿಯನ್ ಮಿಷನ್ ಕಾಲದ ಕ್ರೈಸ್ತ ಸಭೆ, ಈಗ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ). ನಮ್ಮ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ “ಚಿಕ್ಕವಳಿದ್ದಾಗ ವಾರವಾರ ಕ್ಲಾಸಿಗೆ ಹೋಗ್ತಿದ್ದೆ” ಅನ್ನುತ್ತಿದ್ದರು. ನಾವು ನಗುತ್ತಿದ್ದೆವು. ಈಗ ನಮ್ಮ ಪಾಸ್ಟರು ನನ್ನನ್ನು ಕರೆದು, ಪ್ರತಿ ಬುಧವಾರ ಹತ್ತು ಜನರ ಒಂದು ಗುಂಪು ನಡೆಸಿ ಅಂದಿದ್ದಾರೆ. ಅವರಿಗೆ ನಾಲ್ಕು ಊರಿನ ಸಭೆಗಳಿವೆ. ನಮ್ಮ ಮನೆಗೆ ಬಂದು ವರ್ಷವಾಯಿತು. ಇನ್ನೊಂದು ವರ್ಷಕ್ಕೆ ವರ್ಗ ಬೇರೆ ಆಗುತ್ತಾರೆ. ಎರಡು ತಿಂಗಳಿಂದ ಗುಂಪು ನಡೆಸುತ್ತಿದ್ದೇನೆ. ಎರಡು ಹಾಡು, ಒಂದು ಅಧ್ಯಾಯ, ಹತ್ತು ನಿಮಿಷ ನನ್ನ ಮಾತು, ಪ್ರಾರ್ಥನೆ, ಕಾಫಿ ತಿಂಡಿ. ಹೇಗಿದ್ದೀರಿ ಅಂದರೆ ಎಲ್ಲರದ್ದೂ ಒಂದೇ ಉತ್ತರ: “ದೇವರ ದಯೆ, ಚೆನ್ನಾಗಿದ್ದೀವಿ.” ಇದನ್ನು ಶಿಷ್ಯತ್ವ, ಅಂದರೆ ಯೇಸುವಿನ ಶಿಷ್ಯರಾಗಿ ಬದುಕುವುದು, ಅನ್ನಬಹುದಾ? ಪಾಸ್ಟರ್ ಮಾಡಬೇಕಾದ ಕೆಲಸ ನನ್ನ ತಲೆಗೆ ಕಟ್ಟಿದ್ದಾರಾ? ನಾನು ಬೈಬಲ್ ಕಾಲೇಜು ಓದಿದವನಲ್ಲ. ಜೊತೆಗೆ ತಿಂಡಿ ವಿಷಯದಲ್ಲಿ ಮನೆಮನೆಗೆ ಪೈಪೋಟಿ ಶುರುವಾಗಿದೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ನಿಮ್ಮ ಅಜ್ಜಿ ಹೇಳಿದ್ದು ಸುಳ್ಳಿರಲಾರದು. ಅವರು ಹೋಗುತ್ತಿದ್ದದ್ದು ಶಾಲೆಗಲ್ಲ, ಅಷ್ಟೇ. ಮೆಥಡಿಸ್ಟರಲ್ಲಿ, ಅಂದರೆ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿಯ ದಾರಿ ಹಿಡಿದವರಲ್ಲಿ, ‘ಕ್ಲಾಸ್’ ಅಂದರೆ ಹನ್ನೆರಡು ಜನರ ಒಂದು ಗುಂಪು, ಅದಕ್ಕೊಬ್ಬ ಲೀಡರ್. ಹಲಗೆ ಬಳಪ ಇಲ್ಲ, ಪರೀಕ್ಷೆ ಇಲ್ಲ. ಈ ವಾರ ಹೇಗೆ ಬದುಕಿದೆ ಅಂತ ಒಬ್ಬೊಬ್ಬರಾಗಿ ಹೇಳಬೇಕು. ಅದಕ್ಕೆ ಅಕ್ಷರ ಬೇಕಾಗಿರಲಿಲ್ಲ.

ಇದು ಸಾಲದಿಂದ ಹುಟ್ಟಿದ್ದು ಅಂದರೆ ನಂಬುತ್ತೀರಾ? ಇಂಗ್ಲೆಂಡಿನ ಬ್ರಿಸ್ಟಲ್ ಊರಲ್ಲಿ ಜಾನ್ ವೆಸ್ಲಿಯವರ ಜನ ಕೂಡಿಬರಲು ಒಂದು ಕಟ್ಟಡ ಕಟ್ಟಿಸಿದ್ದರು. ಸಾಲ ತೀರಿರಲಿಲ್ಲ. 1742ರ ಫೆಬ್ರವರಿಯಲ್ಲಿ ಅದಕ್ಕೇ ಒಂದು ಮೀಟಿಂಗ್. ಕ್ಯಾಪ್ಟನ್ ಫಾಯ್ ಎನ್ನುವವರು ಎದ್ದು, ಎಲ್ಲರೂ ವಾರಕ್ಕೆ ಒಂದು ಪೆನ್ನಿ ಕೊಟ್ಟರೆ ತೀರುತ್ತದೆ ಅಂದರು. ಅಷ್ಟೂ ಕೊಡಲಾಗದ ಬಡವರು ನಮ್ಮಲ್ಲಿ ಎಷ್ಟೋ ಜನ ಇದ್ದಾರಲ್ಲ ಅಂತ ಇನ್ನೊಬ್ಬರು ತಡೆದರು. ಅದಕ್ಕೆ ಫಾಯ್ ಏನಂದರು ಗೊತ್ತಾ? ಹಾಗಾದರೆ ಎಲ್ಲರಿಗಿಂತ ಬಡವರಾದ ಹನ್ನೊಂದು ಜನರನ್ನು ನನ್ನ ಲೆಕ್ಕಕ್ಕೆ ಹಾಕಿ, ವಾರವಾರ ಅವರ ಮನೆಗೆ ಹೋಗಿಬರುತ್ತೇನೆ, ಅವರು ಕೊಟ್ಟರೆ ಸರಿ, ಕೊಡದಿದ್ದರೆ ಅವರದ್ದೂ ನಾನೇ ಹಾಕುತ್ತೇನೆ.

ಬೇರೆ ಕೆಲವರೂ ಹೀಗೇ ಒಪ್ಪಿಕೊಂಡರು. ಕಾಸು ಕೇಳಲು ಮನೆಮನೆಗೆ ಹೋದವರ ಕಣ್ಣಿಗೆ ಬೇರೆಯದೇ ಬಿತ್ತು. ಒಂದು ಮನೆಯಲ್ಲಿ ಗಂಡ ಹೆಂಡಿರ ಜಗಳ. ಇನ್ನೊಂದು ಮನೆಯಲ್ಲಿ ಒಬ್ಬ ಕುಡಿದು ಬಿದ್ದಿದ್ದ. ಬಂದು ವೆಸ್ಲಿಗೆ ಹೇಳಿದರು. ಇಷ್ಟು ದಿನ ನಮಗೆ ಬೇಕಾಗಿದ್ದದ್ದು ಇದೇ ಅಂತ ಅವರಿಗೆ ಆಗ ಹೊಳೆಯಿತು. ಸಾವಿರಾರು ಜನ ಭಾಷಣ ಕೇಳಲು ಬರುತ್ತಿದ್ದರು, ಆದರೆ ಸೋಮವಾರದಿಂದ ಶನಿವಾರದವರೆಗೆ ಅವರು ಹೇಗಿದ್ದಾರೆ ಅಂತ ನೋಡುವವರು ಯಾರೂ ಇರಲಿಲ್ಲ. ಮೊದಮೊದಲು ಲೀಡರೇ ಒಂದೊಂದು ಮನೆಗೆ ಹೋಗುತ್ತಿದ್ದರು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಕೆಲವು ಮನೆಗಳಲ್ಲಿ ಯಜಮಾನರು ಒಳಗೆ ಬಿಡಲಿಲ್ಲ. ಆಮೇಲೆ ಎಲ್ಲರೂ ಒಂದು ಕಡೆ ಕೂರುವುದು ಅಂತಾಯಿತು. ಅದೇ ಕ್ಲಾಸ್ ಮೀಟಿಂಗ್.

ಮುಂದಿನ ವರ್ಷ, ಅಂದರೆ 1743ರಲ್ಲಿ, ವೆಸ್ಲಿ ತಮ್ಮ ಜನರಿಗಾಗಿ ‘ಸಾಮಾನ್ಯ ನಿಯಮಗಳು’ ಅನ್ನುವುದನ್ನು ಅಚ್ಚು ಹಾಕಿಸಿದರು. ಕೆಡುಕು ಮಾಡಬೇಡ, ಒಳ್ಳೆಯದು ಮಾಡು, ಪ್ರಾರ್ಥನೆಯಂಥ, ದೇವರು ಕೊಟ್ಟ ಸಾಧನಗಳನ್ನು ಬಿಡಬೇಡ ಅನ್ನುವ ಮೂರು ಮಾತು ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತು. ಅದರಲ್ಲೇ ಲೀಡರ್ ಏನು ಮಾಡಬೇಕು ಅನ್ನುವುದೂ ಇದೆ, ಅದನ್ನು ಯಾರೂ ಓದುವುದಿಲ್ಲ. ವಾರಕ್ಕೆ ಒಂದು ಸಲವಾದರೂ ತನ್ನ ಗುಂಪಿನ ಪ್ರತಿಯೊಬ್ಬರನ್ನೂ ಕಾಣಬೇಕು. ಅವರ ಆತ್ಮದ ಕ್ಷೇಮ ಕೇಳಬೇಕು. ಬುದ್ಧಿ ಹೇಳಬೇಕಾದರೆ ಹೇಳಬೇಕು, ಸಮಾಧಾನ ಮಾಡಬೇಕಾದರೆ ಮಾಡಬೇಕು. ಬಡವರಿಗೆಂದು ಅವರು ಕೊಟ್ಟಷ್ಟು ಇಸ್ಕೊಳ್ಳಬೇಕು. ಹಾಗೇ ವಾರಕ್ಕೊಮ್ಮೆ ಸಭಾಪಾಲಕರನ್ನು, ಅಂದರೆ ಪಾಸ್ಟರನ್ನು, ಕಂಡು, ಯಾರಿಗೆ ಹುಷಾರಿಲ್ಲ, ಯಾರು ದಾರಿ ತಪ್ಪುತ್ತಿದ್ದಾರೆ ಅಂತ ತಿಳಿಸಬೇಕು.

ಇದರಲ್ಲಿ ‘ಪ್ರಸಂಗ ಮಾಡಬೇಕು’, ಅಂದರೆ ಉಪದೇಶದ ಭಾಷಣ ಮಾಡಬೇಕು, ಅಂತ ಎಲ್ಲೂ ಇಲ್ಲ, ನೋಡಿ. ನೀವು ಮೇಷ್ಟ್ರು, ಹತ್ತು ನಿಮಿಷ ಮಾತಾಡುವುದು ನಿಮಗೆ ಕಷ್ಟವಲ್ಲ. ನನ್ನ ಪ್ರಕಾರ ನಿಮ್ಮ ಗುಂಪಿನ ತೊಂದರೆಯೇ ಆ ಹತ್ತು ನಿಮಿಷ. ನೀವು ಬಾಯಿ ಬಿಟ್ಟ ಕೂಡಲೇ ಅವರೆಲ್ಲ ಮಕ್ಕಳಾಗಿ ಕೂತುಬಿಡುತ್ತಾರೆ. ಮೇಷ್ಟ್ರ ಮುಂದೆ ಯಾರು ತಪ್ಪು ಒಪ್ಪಿಕೊಳ್ಳುತ್ತಾರೆ?

ಪಾಸ್ಟರ್ ಕೆಲಸ ನಿಮ್ಮ ತಲೆಗೆ ಬಂತಾ ಅಂತ ಕೇಳಿದ್ದೀರಿ. ನಾನೂ ಪಾಸ್ಟರಾಗಿ ರಿಟೈರ್ ಆದವನು, ಈಗ ಮೈಸೂರಿನಲ್ಲಿದ್ದೇನೆ, ಸ್ವಲ್ಪ ನಮ್ಮವರ ಪರ ವಹಿಸುತ್ತೇನೆ ಅಂದುಕೊಳ್ಳಿ. ಮೆಥಡಿಸ್ಟ್ ದಾರಿಯಲ್ಲಿ ಅದು ಮೊದಲಿಂದಲೂ ನಿಮ್ಮ ಕೆಲಸವೇ. ವೆಸ್ಲಿ ತಮ್ಮ ಪ್ರಸಂಗಿಗಳನ್ನು ಒಂದೂರಲ್ಲಿ ನೆಲೆ ನಿಲ್ಲಲು ಬಿಡುತ್ತಿರಲಿಲ್ಲ. ತಾನೇ ಒಂದು ಕಡೆ ಒಂದು ವರ್ಷ ನಿಂತರೆ ಕೇಳುವವರ ಜೊತೆ ತಾನೂ ನಿದ್ದೆ ಹೋಗುತ್ತೇನೆ ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ಪ್ರಸಂಗಿ ಕುದುರೆ ಹತ್ತಿ ಮುಂದಿನ ಊರಿಗೆ ಹೋಗುತ್ತಿದ್ದ. ಊರಲ್ಲಿ ಉಳಿಯುತ್ತಿದ್ದವರು ಲೀಡರುಗಳು: ಚಮ್ಮಾರರು, ನೇಕಾರರು, ಗಣಿ ಕೆಲಸದವರು, ಎಷ್ಟೋ ಕಡೆ ಹೆಂಗಸರು. ಜನರನ್ನು ನೋಡಿಕೊಂಡವರು ಅವರೇ. ನಮ್ಮಲ್ಲಿ ಪಾಸ್ಟರುಗಳ ವರ್ಗಾವಣೆ ಮಾತ್ರ ಉಳಿದುಕೊಂಡಿತು, ಲೀಡರ್ ಬಿಟ್ಟುಹೋದರು. ನಿಮ್ಮ ಬೇಸರದ ಮೂಲ ಅಲ್ಲಿದೆ.

ಹಾಗಂತ ನಿಮ್ಮ ಪಾಸ್ಟರನ್ನು ಸುಮ್ನೆ ಬಿಡಬೇಡಿ. ನಿಯಮದಲ್ಲಿ ಇನ್ನೊಂದು ತುದಿಯೂ ಇದೆಯಲ್ಲ, ಅವರು ನಿಮ್ಮನ್ನು ಕಾಣಬೇಕು. ವಾರಕ್ಕೊಮ್ಮೆ ಆಗದು, ನಾಲ್ಕು ಊರು ಸುತ್ತುವವರಿಗೆ ಅದು ನನಗೂ ಆಗಿರಲಿಲ್ಲ. ಹದಿನೈದು ದಿನಕ್ಕೆ ಅರ್ಧ ಗಂಟೆ ಕೊಡಿ ಅನ್ನಿ. ದಿನ, ಹೊತ್ತು ಗೊತ್ತು ಮಾಡಿಕೊಳ್ಳಿ. ಹುಷಾರಿಲ್ಲದವರು, ಪ್ರಭು ಭೋಜನದ ರೊಟ್ಟಿ ದ್ರಾಕ್ಷಾರಸ ಮನೆಗೆ ತಂದುಕೊಡಬೇಕಾದವರು, ಸಾವು ಆದ ಮನೆ, ಪರೀಕ್ಷೆಯಲ್ಲಿ ಫೇಲಾಗಿ ಮಂಕಾಗಿರುವ ಹುಡುಗ, ಇಷ್ಟು ಹೇಳಿ. ನಾಲ್ಕೂ ಊರಿನ ನಾಲ್ಕು ಲೀಡರುಗಳು ಹೀಗೆ ಹೇಳಿದರೆ, ಯಾವ ಬಾಗಿಲು ಮೊದಲು ತಟ್ಟಬೇಕು ಅನ್ನುವುದಾದರೂ ಅವರಿಗೆ ತಿಳಿಯುತ್ತದೆ. ಆ ಅರ್ಧ ಗಂಟೆಯನ್ನೂ ಕೊಡಲ್ಲ ಅಂದರೆ ಆಗ ನಿಮ್ಮ ದೂರು ನ್ಯಾಯವಾದದ್ದು. ಸಭಾ ಕಮಿಟಿಯಲ್ಲಿ ಹೇಳಿ.

ನಮ್ಮ ಸಭೆ ಸಿ.ಎಸ್.ಐ. ಆದಮೇಲೂ ಇದೆಲ್ಲ ನಮಗೆ ಸಂಬಂಧವಾ ಅಂತ ಕೆಲವರು ಕೇಳಬಹುದು. ವೆಸ್ಲಿಯನ್ ಮಿಷನ್ 1821ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಹಳೇ ಮೈಸೂರಿನ ಊರುಗಳಿಗೆ ಹರಡಿತು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರು ಮತ್ತು ಇತರರ ಜೊತೆ ಈ ಮೆಥಡಿಸ್ಟರೂ ಸೇರಿ ಸಿ.ಎಸ್.ಐ. ಆದರು. ಕೋಲಾರ, ಬೀದರ್ ಕಡೆ ನೋಡುವ ಮೆಥಡಿಸ್ಟ್ ಚರ್ಚ್ ಅಮೆರಿಕದ ಮಿಷನ್ನಿನಿಂದ ಬಂದದ್ದು, ಅದು ಬೇರೆ ಸಂಸ್ಥೆ. ಬೋರ್ಡ್ ಬದಲಾದರೂ ನಿಮ್ಮ ಅಜ್ಜಿಯ ಅಭ್ಯಾಸ ನಿಮ್ಮದೇ ಸೊತ್ತು.

ಈಗ ಆ ‘ಚೆನ್ನಾಗಿದ್ದೀವಿ’ಗೆ ಬರೋಣ. ಹಳೇ ಕ್ಲಾಸಿನ ಪ್ರಶ್ನೆಯನ್ನು ಕನ್ನಡದಲ್ಲಿ ಹಾಗೇ ಕೇಳಿದರೆ “ನಿಮ್ಮ ಆತ್ಮ ಹೇಗಿದೆ?” ಅಂತಾಗುತ್ತದೆ. ಒಂದು ಸಲ ಹಾಗೇ ಕೇಳಿ ನಗೆಪಾಟಲಾಗಿದ್ದೇನೆ. ನಮ್ಮ ಕಡೆ ಆತ್ಮ ಅಂದರೆ ಸತ್ತವರದ್ದು, ಹುಣಸೆ ಮರದ್ದು! “ಇನ್ನೂ ಬದುಕಿದ್ದೀನಿ ಪಾಸ್ಟ್ರೇ” ಅಂತ ಒಬ್ಬ ಅಜ್ಜ ಉತ್ತರ ಕೊಟ್ಟರು. ‘ಹೇಗಿದ್ದೀರಿ’ ಕೂಡ ಕೆಲಸಕ್ಕೆ ಬರುವುದಿಲ್ಲ, ಅದು ನಮಸ್ಕಾರ ಇದ್ದಂತೆ, ಉತ್ತರ ಬಾಯಲ್ಲೇ ರೆಡಿ ಇರುತ್ತದೆ. ನಾನು ಕೊನೆಗೆ ಹಿಡಿದದ್ದು ಇವು: “ಹೋದ ಬುಧವಾರದಿಂದ ಇವತ್ತಿನವರೆಗೆ ಮನಸ್ಸಿಗೆ ಭಾರ ಆಗಿದ್ದು ಏನು?” “ಈ ವಾರ ದೇವರು ಹತ್ತಿರ ಇದ್ದಾರೆ ಅಂತ ಯಾವಾಗಲಾದರೂ ಅನ್ನಿಸ್ತಾ? ದೂರ ಅನ್ನಿಸ್ತಾ?” “ಯಾರ ಹತ್ತಿರವಾದರೂ ಮಾತು ಬಿಟ್ಟಿದ್ದೀರಾ?” ಮೂರನೆಯದು ಹಳ್ಳಿಯಲ್ಲಿ ಯಾವಾಗಲೂ ತಾಗುತ್ತದೆ.

ಮೊದಲು ನೀವೇ ಉತ್ತರ ಕೊಡಿ. ಇದರಲ್ಲಿ ರಿಯಾಯಿತಿ ಇಲ್ಲ. ಸ್ಟಾಫ್ ರೂಮಿನಲ್ಲಿ ಜಗಳ ಆಡಿದ್ದರೆ ಅದನ್ನೇ ಹೇಳಿ. ಎರಡು ವಾರ ನೀವೊಬ್ಬರೇ ಹೇಳಬೇಕಾಗಬಹುದು. ಎಂಟು ಜನ ಚಾಪೆ ನೋಡುತ್ತಾ ಕೂರುತ್ತಾರೆ. ಕೂರಲಿ. ಆ ಮೌನ ತುಂಬಲು ಹಾಡು ಶುರು ಮಾಡಬೇಡಿ.

ನಾನು ಮಂಡ್ಯ ಕಡೆ ಇದ್ದಾಗಿನ ಒಂದು ಸಂಜೆ ಹೇಳುತ್ತೇನೆ. ಕಬ್ಬು ಕಡಿಯುವ ಕಾಲ, ಆಲೆಮನೆಯ ಹೊಗೆ ವಾಸನೆ ಮನೆಯೊಳಗೂ ಬರುತ್ತಿತ್ತು. ಏಳು ಜನ ಇದ್ದೆವು. ಒಬ್ಬ ಹಿರಿಯರು ಚಾಪೆ ಅಂಚಿನ ಎಳೆಯನ್ನು ಉಗುರಲ್ಲಿ ಕೀಳುತ್ತಾ ಕೂತಿದ್ದರು. ಅವರ ಸರದಿ ಬಂದಾಗ ಏನೂ ಹೇಳಲಿಲ್ಲ. ಕಾದೆವು. ಎರಡು ನಿಮಿಷ ಕಳೆದಿರಬೇಕು, ಅಷ್ಟು ಹೊತ್ತಿಗೆ ಒಂದು ಅಂಗುಲ ಚಾಪೆ ಬಿಚ್ಚಿಹೋಗಿತ್ತು. ಆಮೇಲೆ ಅಂದರು, “ಬದು ವಿಷಯಕ್ಕೆ ತಮ್ಮನ ಜೊತೆ ಮಾತು ಬಿಟ್ಟು ನಾಕು ವರ್ಷ. ಮೊನ್ನೆ ಅವನ ಎತ್ತು ಸತ್ತೋಯ್ತು. ನಾನು ನೋಡಕ್ಕೂ ಹೋಗಲಿಲ್ಲ.” ಅಷ್ಟೇ. ಯಾರೂ ಬೈಬಲ್ ವಚನ ಹೇಳಲಿಲ್ಲ. ಪಕ್ಕದಲ್ಲಿದ್ದ ಹೆಂಗಸು, “ನಾಳೆ ಹೋಗಣ ಬನ್ನಿ ಮಾವ, ನಾನೂ ಬತ್ತೀನಿ” ಅಂದರು. ಇಬ್ಬರೂ ಹೋದರು. ಬದು ಜಗಳ ಇನ್ನೂ ಇತ್ತು, ಮಾತು ಶುರುವಾಯಿತು.

ನೀವು ಶಿಷ್ಯತ್ವ ಅಂತ ಕೇಳಿದ್ದು ಇದನ್ನೇ. ವೆಸ್ಲಿ ಕೃಪೆಯ ಸಾಧನಗಳನ್ನು, ಅಂದರೆ ದೇವರ ದಯೆ ನಮಗೆ ಮುಟ್ಟುವ ದಾರಿಗಳನ್ನು, ಲೆಕ್ಕ ಹಾಕುವಾಗ ಪ್ರಾರ್ಥನೆ, ಬೈಬಲ್ ಓದುವುದು, ಪ್ರಭು ಭೋಜನ, ಉಪವಾಸ ಇವುಗಳ ಸಾಲಿನಲ್ಲೇ ವಿಶ್ವಾಸಿಗಳು ಕೂತು ಮಾತಾಡುವುದನ್ನೂ ಸೇರಿಸಿದ್ದಾರೆ. ಮಾತು ಸಾಧನಕ್ಕೆ ಪೀಠಿಕೆ ಅಲ್ಲ, ಅದೇ ಸಾಧನ. ಹಾಗಾಗಿ ಒಂದು ಹಾಡು ಸಾಕು, ಆರೇಳು ವಚನ ಸಾಕು. ಉಳಿದ ಹೊತ್ತು ಅವರದ್ದು.

ಹೊತ್ತಿನ ವಿಷಯಕ್ಕೆ ಒಂದು ಮಾತು. ಬುಧವಾರ ಸಂಜೆ ಆರಕ್ಕೆ ಇಟ್ಟಿದ್ದರೆ ಬದಲಿಸಿ. ಅದು ಡೈರಿಗೆ ಹಾಲು ಹಾಕುವ ಹೊತ್ತು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆ ಅನ್ನುವುದನ್ನೂ ಕೇಳಿಕೊಳ್ಳಿ. ಕಾಲುವೆ ನೀರು ಬಿಟ್ಟ ವಾರ ಗಂಡಸರು ಬರದಿದ್ದರೆ ಅವರ ಭಕ್ತಿ ಕಡಿಮೆಯಾಯಿತು ಅಂದುಕೊಳ್ಳಬೇಡಿ.

ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಗುಂಪಿನಲ್ಲಿ ಒಬ್ಬ ತಾಯಿ ಮಗನ ಕುಡಿತದ ಬಗ್ಗೆ ಅತ್ತಿದ್ದರು. ಭಾನುವಾರ ಆರಾಧನೆಯಲ್ಲಿ ನಾನು ಬಹಳ ಕಾಳಜಿಯಿಂದ, ಹೆಸರು ಹೇಳದೆ, “ಕುಡಿತಕ್ಕೆ ಬಿದ್ದ ಒಬ್ಬ ಮಗನಿಗಾಗಿ ಪ್ರಾರ್ಥಿಸೋಣ” ಅಂದೆ. ಇಪ್ಪತ್ತು ಮನೆಯ ಸಭೆಯಲ್ಲಿ ಹೆಸರು ಹೇಳಬೇಕಾ? ಎಲ್ಲರ ತಲೆ ಆ ಕಡೆ ತಿರುಗಿತು. ಆಕೆ ಆರು ತಿಂಗಳು ಸಭೆಗೆ ಬರಲಿಲ್ಲ. ಕ್ಷಮೆ ಕೇಳಲು ಹೋದಾಗ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು, ಒಳಗೆ ಬನ್ನಿ ಅನ್ನಲಿಲ್ಲ. ನಮ್ಮಲ್ಲಿ ಚಾಡಿ ಪ್ರಾರ್ಥನೆಯ ವೇಷದಲ್ಲೇ ಜಾಸ್ತಿ ಓಡಾಡುತ್ತದೆ. ಗುಂಪಿನಲ್ಲಿ ಕೇಳಿದ್ದು ಗುಂಪಿನಲ್ಲೇ ಇರಬೇಕು. ವಾಟ್ಸಾಪ್‌ಗೆ ಹಾಕಲೇಬೇಡಿ. ಪಾಸ್ಟರಿಗೆ ಹೇಳುವ ಮುಂಚೆಯೂ ಅವರನ್ನೇ ಕೇಳಿ: “ಇದನ್ನ ಪಾಸ್ಟರಿಗೆ ಹೇಳಲಾ?” ಬೇಡ ಅಂದರೆ ಬೇಡ.

ಒಂದು ವಿಷಯದಲ್ಲಿ ಮಾತ್ರ ಈ ನಿಯಮ ಮುರಿಯಬೇಕು. ಜೀವಕ್ಕೆ ಅಪಾಯ ಇದ್ದಾಗ. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿಗೆ “ತಾಳ್ಮೆಯಿಂದಿರಿ, ಪ್ರಾರ್ಥಿಸೋಣ” ಅಂತ ಕಳಿಸುವುದು ಪಾಪ, ನನಗೆ ಅದರಲ್ಲಿ ಅನುಮಾನವೇ ಇಲ್ಲ. ಮಹಿಳಾ ಸಹಾಯವಾಣಿ 181 ಇದೆ. ಸಾಲ ಜಾಸ್ತಿಯಾಗಿ ‘ಬದುಕೋದು ಬೇಡ’ ಅನ್ನುವ ಮಾತು ಯಾರ ಬಾಯಲ್ಲಾದರೂ ಬಂದರೆ ಅವತ್ತು ರಾತ್ರಿ ಅವರನ್ನು ಒಂಟಿ ಬಿಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಮಾರನೆಯ ದಿನ ನೀವೇ ಜೊತೆಗೆ ಹೋಗಿ ಡಾಕ್ಟರಿಗೆ ತೋರಿಸಿ.

ಸಾಲ ಅಂದ ಮೇಲೆ ನೆನಪಾಯಿತು. ಗುಂಪಿನವರ ನಡುವೆ ಕೈಸಾಲ, ಚೀಟಿ ಶುರುವಾಗಲು ಬಿಡಬೇಡಿ. ಕೊಟ್ಟವನೂ ಇಸ್ಕೊಂಡವನೂ ಒಂದೇ ಚಾಪೆ ಮೇಲೆ ಕೂತು ಮನಸ್ಸು ಬಿಚ್ಚುವುದಿಲ್ಲ. ವೆಸ್ಲಿಯೂ ಲಂಡನ್ನಿನಲ್ಲಿ 1746ರಲ್ಲಿ ಬಡವರಿಗೆ ಸಣ್ಣ ಸಾಲದ ಒಂದು ನಿಧಿ ಮಾಡಿದ್ದರು, ಮೂರು ತಿಂಗಳಲ್ಲಿ ತೀರಿಸಬೇಕಿತ್ತು. ಆದರೆ ಅದರ ಲೆಕ್ಕ ನೋಡಲು ಬೇರೆ ಜನ ಇದ್ದರು.

ಗಂಡಸರು ಹೆಂಗಸರು ಒಟ್ಟಿಗೆ ಕೂರಬಹುದಾ? ಕೂರಿ, ಹಾಡು ಪ್ರಾರ್ಥನೆಗೆ ಅಡ್ಡಿಯಿಲ್ಲ. ಆದರೆ ಅತ್ತೆ ಮುಂದೆ ಸೊಸೆ ಏನು ಹೇಳುತ್ತಾಳೆ, ಹೇಳಿ? ಹಳೇ ಮೆಥಡಿಸ್ಟರಲ್ಲಿ ಕ್ಲಾಸಿಗಿಂತ ಚಿಕ್ಕದಾದ ‘ಬ್ಯಾಂಡ್’ ಅನ್ನುವ ಗುಂಪುಗಳಿದ್ದವು. ಗಂಡಸರು ಬೇರೆ, ಹೆಂಗಸರು ಬೇರೆ, ಮದುವೆಯಾದವರು ಬೇರೆ, ಆಗದವರು ಬೇರೆ. ಒಳಗಿನ ಮಾತೆಲ್ಲ ಅಲ್ಲಿ. ನೀವೂ ಕೊನೆಯ ಅರ್ಧ ಗಂಟೆ ಹೆಂಗಸರನ್ನು ಹಿತ್ತಿಲ ಜಗುಲಿಗೆ ಬಿಡಿ. ಅವರಲ್ಲೇ ಒಬ್ಬರು ಲೀಡರ್ ಆಗಲಿ. ನಿಮಗಿಂತ ಚೆನ್ನಾಗಿ ನಡೆಸುತ್ತಾರೆ, ನೋಡಿ ಬೇಕಾದರೆ.

ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗದವರು, ಸಭೆ ಬಿಟ್ಟವರು ಬಂದು ಕೂತರೆ ಎಬ್ಬಿಸಬೇಡಿ. ಹಳೇ ನಿಯಮದಲ್ಲಿ ಸೇರಲು ಕೇಳಿದ ಅರ್ಹತೆ ಒಂದೇ, ಪಾಪದಿಂದ ಬಿಡುಗಡೆ ಬೇಕು ಅನ್ನುವ ಆಸೆ. ಕೃಪೆ ನಮಗಿಂತ ಮುಂಚೆಯೇ ಅವರ ಮನೆಗೆ ಹೋಗಿಬಂದಿರುತ್ತದೆ ಅನ್ನುವುದು ಮೆಥಡಿಸ್ಟರ ನಂಬಿಕೆ.

ಇನ್ನು ಮನೆ ಭೇಟಿ. ನೀವು ಪಾಸ್ಟರ್ ಬರಲಿಲ್ಲ ಅಂದಿರಿ, ನೀವು ಎಷ್ಟು ಮನೆಗೆ ಹೋದಿರಿ? ಬೇಜಾರು ಮಾಡಿಕೊಳ್ಳಬೇಡಿ, ಲೀಡರ್ ಕೆಲಸದ ಮುಕ್ಕಾಲು ಪಾಲು ಇದೇ. ಕಾಯಿಲೆಯವರನ್ನು ನೋಡುವ ಬಗ್ಗೆ ವೆಸ್ಲಿಯದ್ದು ಒಂದು ಪ್ರಸಂಗವಿದೆ. ಹೋದ ತಕ್ಷಣ ಪ್ರಾರ್ಥನೆಗೆ ಇಳಿಯಬೇಡಿ ಅನ್ನುತ್ತಾರೆ. ಊಟಕ್ಕೆ ಇದೆಯಾ, ಉಡಲು ಇದೆಯಾ, ಚಳಿಗೆ ಸೌದೆ ಇದೆಯಾ ಅಂತ ಮೊದಲು ಕೇಳಬೇಕು. ಆತ್ಮದ ಮಾತು ಆಮೇಲೆ. ಯಾರ ಕೈಲೋ ದುಡ್ಡು ಕಳಿಸಿದರೆ ಸಾಲದು, ಖುದ್ದು ಹೋಗಬೇಕು, ಹೋದವನಿಗೇ ಅದರಿಂದ ಕೃಪೆ ಸಿಗುತ್ತದೆ ಅನ್ನುವುದು ಅವರ ವಾದ. ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅಂದರೆ ನಮ್ಮ ಜನ ಈಗಲೂ ಮಿಷನ್ ಆಸ್ಪತ್ರೆ ಅನ್ನುವುದು, ಹೆಂಗಸರು ಮಕ್ಕಳಿಗೆಂದು ಬಾಗಿಲು ತೆರೆದದ್ದು ಇದೇ ಬುದ್ಧಿಯಿಂದ. ನಿಮ್ಮ ಗುಂಪಿನವರು ಯಾರಾದರೂ ಮೈಸೂರಿನ ಯಾವುದೋ ವಾರ್ಡಿನಲ್ಲಿ ಮಲಗಿದ್ದರೆ ಮಂಡ್ಯದಿಂದ ಬಸ್ ಹತ್ತಿ. ಹೋಗುವಾಗ ಜೊತೆಗಿರುವವರಿಗೆ ಊಟದ ಕ್ಯಾರಿಯರ್ ತೊಗೊಂಡು ಹೋಗಿ. ರೋಗಿಗೆ ಹಣ್ಣು ಎಲ್ಲರೂ ತರುತ್ತಾರೆ, ಬೆಂಚಿನ ಮೇಲೆ ಕೂತ ಹೆಂಡತಿ ಬೆಳಗಿಂದ ಏನೂ ತಿಂದಿರುವುದಿಲ್ಲ.

ಕೊನೆಗೆ ತಿಂಡಿ. ನೀವು ಇದನ್ನು ಸಣ್ಣ ವಿಷಯ ಅಂತ ಕೊನೆಗೆ ಬರೆದಿದ್ದೀರಿ. ನಾನು ನೋಡಿದ ಎಷ್ಟೋ ಗುಂಪುಗಳು ನಿಂತುಹೋದದ್ದು ಇದರಿಂದಲೇ. ಮೊದಲ ಮನೆಯಲ್ಲಿ ಮಾರಿ ಬಿಸ್ಕತ್ತು, ಎರಡನೆಯದರಲ್ಲಿ ಬಜ್ಜಿ, ನಾಲ್ಕನೆಯದರಲ್ಲಿ ಕೇಸರಿಬಾತು. ಆರನೆಯ ಮನೆಯವರು ಕೂಲಿಗೆ ಹೋಗುವವರು, “ಈ ವಾರ ಅನುಕೂಲ ಇಲ್ಲ” ಅನ್ನುತ್ತಾರೆ, ಮುಂದಿನ ವಾರವೂ ಅನ್ನುತ್ತಾರೆ, ಆಮೇಲೆ ಬರುವುದನ್ನೇ ಬಿಡುತ್ತಾರೆ. ಬಡವರ ಪೆನ್ನಿಯನ್ನು ತಾನೇ ಹಾಕುತ್ತೇನೆ ಅಂದವರಿಂದ ಶುರುವಾದ ಗುಂಪಿಗೆ ಬಡವರೇ ಬರಲಾಗದ ಹಾಗೆ ಮಾಡುತ್ತೇವೆ. ಬಾಯಿಮಾತಲ್ಲಿ ‘ತಿಂಡಿ ಬೇಡ’ ಅಂದರೆ ಯಾರೂ ಕೇಳುವುದಿಲ್ಲ, ನಮ್ಮ ಮಂಡ್ಯದವರಿಗೆ ಮನೆಗೆ ಬಂದವರನ್ನು ಬರೀ ಬಾಯಲ್ಲಿ ಕಳಿಸುವುದು ಅವಮಾನ. ಬರುವ ಬುಧವಾರ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ. ಒಂದು ಚೊಂಬು ನೀರು, ಒಂದು ಅಚ್ಚು ಬೆಲ್ಲ ಇಡಿ, ಬೇರೇನೂ ಬೇಡ. ನಿಮ್ಮ ಮನೆಯವರು ಒಪ್ಪುವುದಿಲ್ಲ, ಅವರನ್ನು ಇವತ್ತಿನಿಂದಲೇ ಒಪ್ಪಿಸಲು ಶುರು ಮಾಡಿ. ಅದರ ಮುಂದಿನ ವಾರ ಆ ಕೂಲಿಯವರ ಮನೆಯಲ್ಲಿ ಇಟ್ಟುಕೊಳ್ಳೋಣವಾ ಅಂತ ಅವರನ್ನೇ ಕೇಳಿ.